ಡೆಲ್ಫ್ಟ್‌ನ ಬಟ್ಟೆ ವ್ಯಾಪಾರಿಗೆ ಲ್ಯಾಟಿನ್ ಬರುತ್ತಿರಲಿಲ್ಲ. ಮತ್ತೆ ಇದೆಲ್ಲ ಹೇಗಾಯ್ತು?

ಬೆಳಕಿಂಡಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಹದಿನೇಳನೇ ಶತಮಾನದ ಡಚ್ ಗಣರಾಜ್ಯದ ಬಗ್ಗೆ ಓದುತ್ತಿದ್ದೇನೆ. ಜನಸಂಖ್ಯೆ ಹೆಚ್ಚೆಂದರೆ ಇಪ್ಪತ್ತು ಲಕ್ಷ. ನೆಲದಲ್ಲಿ ಎಷ್ಟೋ ಪಾಲು ಸಮುದ್ರದ ಜೊತೆ, ಕೆರೆಗಳ ಜೊತೆ ಗುದ್ದಾಡಿ ಗಳಿಸಿಕೊಂಡದ್ದು. 1568ರಿಂದ 1648ರವರೆಗೆ ಸ್ಪೇನ್ ಜೊತೆ ಯುದ್ಧ, ನಡುವೆ 12 ವರ್ಷ ಮಾತ್ರ ವಿರಾಮ. ಅಂಥ ಜಾಗದಲ್ಲಿ ಯಾರು ಯಾರಿದ್ದರು ನೋಡಿ. ಶನಿಗ್ರಹದ ಬಳೆ ಏನೆಂದು ಬಿಡಿಸಿ ಹೇಳಿದ ಕ್ರಿಶ್ಚಿಯಾನ್ ಹೈಗನ್ಸ್, ಬೆಳಕು ಬಾಗುವ ನಿಯಮ ಕಂಡುಕೊಂಡ ಸ್ನೆಲ್, ದಶಮಾಂಶವನ್ನು ಜನಸಾಮಾನ್ಯರ ಕೈಗೆ ಕೊಟ್ಟ ಸ್ಟೆವಿನ್, ಚಿತ್ರಕಾರರಾದ ರೆಂಬ್ರಾಂಟ್, ವರ್ಮೀರ್, ತತ್ವಜ್ಞಾನಿ ಸ್ಪಿನೋಜಾ. ಒಂದೊಂದು ಹೆಸರಿಗೂ ಒಂದೊಂದು ಶತಮಾನ ಮೀಸಲಿಡಬಹುದು ಅನ್ನಿಸುತ್ತದೆ, ಅಲ್ವಾ?

ಇವರೆಲ್ಲರ ನಡುವೆ ನನ್ನನ್ನು ಹಿಡಿದು ನಿಲ್ಲಿಸಿದವನು ಆಂಟೊನಿ ವಾನ್ ಲೇವನ್‌ಹುಕ್. 1632ರಲ್ಲಿ ಡೆಲ್ಫ್ಟ್‌ನಲ್ಲಿ ಹುಟ್ಟಿದವನು. ಅಪ್ಪ ಬುಟ್ಟಿ ಹೆಣೆಯುವವನು. ಇವನು ಬಟ್ಟೆ ವ್ಯಾಪಾರಿ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಿಲ್ಲ, ಲ್ಯಾಟಿನ್ ಕಲಿಯಲಿಲ್ಲ. ಆ ಕಾಲದಲ್ಲಿ ಲ್ಯಾಟಿನ್ ಬಾರದವನು ವಿದ್ವಾಂಸರ ಲೆಕ್ಕದಲ್ಲಿ ಇಲ್ಲದವನೇ. ಆದರೂ ಒಂದು ಹನಿ ನೀರಿನಲ್ಲಿ ಬರಿಗಣ್ಣಿಗೆ ಕಾಣದ ಜೀವಿಗಳು ಓಡಾಡುತ್ತಿರುವುದನ್ನು ಭೂಮಿಯ ಮೇಲೆ ಮೊದಲು ನೋಡಿ ಬರೆದಿಟ್ಟವನು ಇವನೇ.

ಎಲ್ಲ ಕಡೆ ಒಂದೇ ಉತ್ತರ ಸಿಗುತ್ತಿದೆ. ಹಡಗು ಹೋದವು, ಸಾಂಬಾರ ಪದಾರ್ಥ ಬಂತು, ದುಡ್ಡು ಬಂತು, ದುಡ್ಡಿನ ಹಿಂದೆ ಕಲೆ ಮತ್ತು ವಿಜ್ಞಾನ ಬಂತು. ನನಗೆ ಸಮಾಧಾನ ಆಗುತ್ತಿಲ್ಲ. ಸ್ಪೇನ್‌ಗೆ ಅಮೆರಿಕದ ಬೆಳ್ಳಿ ರಾಶಿ ರಾಶಿ ಬಂದಿತ್ತು. ಅಲ್ಲಿ ಬಟ್ಟೆ ಅಂಗಡಿಯವನೊಬ್ಬ ಮೈಕ್ರೋಸ್ಕೋಪ್ ಹಿಡಿದು ಕೂರಲಿಲ್ಲವಲ್ಲ. ಬರೀ ದುಡ್ಡಲ್ಲದೆ ಇನ್ನೇನಿತ್ತು ಅಲ್ಲಿ? ಗೊತ್ತಿರುವವರು ಹೇಳಿ.

ಹಳೆನಕ್ಷೆ

ದುಡ್ಡಿಗಿಂತ ಮೊದಲು ಜನ ಬಂದರು. ನಾನು ಅಲ್ಲಿಂದ ಶುರು ಮಾಡುತ್ತೇನೆ.

1585ರಲ್ಲಿ ಆಂಟ್‌ವರ್ಪ್ ಸ್ಪೇನಿನ ಸೈನ್ಯದ ಕೈಗೆ ಬಿತ್ತು. ಆಗಿನ ಯೂರೋಪಿನ ದೊಡ್ಡ ವ್ಯಾಪಾರದ ಊರುಗಳಲ್ಲಿ ಅದೂ ಒಂದು. ಅಲ್ಲಿನ ಪ್ರಾಟೆಸ್ಟೆಂಟರಿಗೆ ನಾಲ್ಕು ವರ್ಷ ಗಡುವು ಕೊಟ್ಟರು, ಮತ ಬದಲಿಸಿ ಇಲ್ಲ ಊರು ಬಿಡಿ ಅಂತ. ಆ ಗಡುವಿನಲ್ಲಿ ಊರಿನ ಜನಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಹೊರಟವರು ಯಾರು? ನೇಕಾರರು, ವಜ್ರ ಕೊರೆಯುವವರು, ಅಚ್ಚುಕೂಟದವರು, ನಕ್ಷೆ ಕೆತ್ತುವವರು, ಬಣ್ಣ ಬಳಿಯುವವರು, ಸಾಲದ ಲೆಕ್ಕ ಬಲ್ಲ ವರ್ತಕರು. ಕೈಯಲ್ಲಿ ಕಸುಬು, ತಲೆಯಲ್ಲಿ ಲೆಕ್ಕ. ಬಹಳ ಮಂದಿ ಉತ್ತರಕ್ಕೆ ಬಂದು ಆಮ್ಸ್ಟರ್‌ಡ್ಯಾಮ್, ಲೈಡನ್, ಹಾರ್ಲೆಮ್, ಮಿಡಲ್‌ಬರ್ಗ್‌ಗಳಲ್ಲಿ ನೆಲೆ ನಿಂತರು. ಚಿತ್ರಕಾರ ಫ್ರಾನ್ಸ್ ಹಾಲ್ಸ್‌ನ ಅಪ್ಪ ಅಮ್ಮ ಹೀಗೆ ಆಂಟ್‌ವರ್ಪ್‌ನಿಂದ ಹಾರ್ಲೆಮ್‌ಗೆ ಬಂದವರು. ಸ್ಟೆವಿನ್ ಬ್ರೂಜ್‌ನವನು. ಲೈಡನ್ನಿನ ಹೆಸರಾಂತ ಮುದ್ರಕ ಮನೆತನ ಎಲ್ಸೆವಿರ್‌ನ ಮೂಲಪುರುಷ ಲೂವೆನ್‌ನಿಂದ ಬಂದವನು. 1580ರ ಸುಮಾರಿಗೆ 30,000 ಜನರಿದ್ದ ಆಮ್ಸ್ಟರ್‌ಡ್ಯಾಮ್ 1670ರ ಹೊತ್ತಿಗೆ ಎರಡು ಲಕ್ಷದ ಹತ್ತಿರ ಬಂದಿತ್ತು.

ಎರಡನೇ ವಿಷಯ, ಅಲ್ಲಿ ಒಬ್ಬನೇ ಯಜಮಾನ ಇರಲಿಲ್ಲ. ಏಳು ಪ್ರಾಂತ್ಯಗಳು. ಒಂದೊಂದು ಊರಿಗೂ ತನ್ನದೇ ಅಧಿಕಾರಿಗಳು, ತನ್ನದೇ ಹಟ. ಒಂದು ಊರಿನಲ್ಲಿ ಕಿರಿಕಿರಿ ಆದರೆ ದೋಣಿ ಹತ್ತಿ ಪಕ್ಕದ ಊರಿಗೆ ಹೋಗಬಹುದಿತ್ತು. ಫ್ರಾನ್ಸಿನ ತತ್ವಜ್ಞಾನಿ ದೆಕಾರ್ತ್ 1628ರಿಂದ 1649ರವರೆಗೆ ಬಹುಮಟ್ಟಿಗೆ ಇಲ್ಲೇ ಇದ್ದ, ಮನೆ ಮೇಲೆ ಮನೆ ಬದಲಿಸುತ್ತ. ಅವನ ಮುಖ್ಯ ಗ್ರಂಥ 1637ರಲ್ಲಿ ಲೈಡನ್‌ನಲ್ಲೇ ಅಚ್ಚಾಯಿತು. ಮರುವರ್ಷ ಗೆಲಿಲಿಯೋನ ಕೊನೆಯ ದೊಡ್ಡ ಕೃತಿಯನ್ನೂ ಎಲ್ಸೆವಿರ್‌ನವರೇ ಲೈಡನ್‌ನಲ್ಲಿ ಅಚ್ಚು ಹಾಕಿದರು. ಇಟಲಿಯಲ್ಲಿ ಆ ಮುದುಕನ ಯಾವ ಬರಹವನ್ನೂ ಮುದ್ರಿಸುವ ಹಾಗಿರಲಿಲ್ಲ. ಮನೆಬಂಧನದಲ್ಲಿದ್ದ, ಕಣ್ಣು ಕಳೆದುಕೊಂಡಿದ್ದ ಆ ಮನುಷ್ಯನ ಪುಸ್ತಕ ಬೆಳಕು ಕಂಡದ್ದು ದೂರದ ಡಚ್ ಊರೊಂದರಲ್ಲಿ. ಅದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತಿದ್ದೆ.

ಹಾಗಂತ ಎಲ್ಲದಕ್ಕೂ ಬಾಗಿಲು ತೆರೆದಿತ್ತು ಅಂತಲ್ಲ. ದೆಕಾರ್ತ್‌ನ ವಿಚಾರಗಳನ್ನು ಉಟ್ರೆಕ್ಟ್ ವಿಶ್ವವಿದ್ಯಾಲಯ 1642ರಲ್ಲಿ ತಡೆಹಿಡಿಯಿತು. ಸ್ಪಿನೋಜಾ 1670ರಲ್ಲಿ ತನ್ನ ಹೆಸರಿಲ್ಲದೆ, ಹ್ಯಾಂಬರ್ಗ್‌ನಲ್ಲಿ ಮುದ್ರಣ ಅಂತ ಸುಳ್ಳು ವಿಳಾಸ ಹಾಕಿಸಿ ಪುಸ್ತಕ ತಂದ. ನಿಜವಾಗಿ ಅಚ್ಚಾದದ್ದು ಆಮ್ಸ್ಟರ್‌ಡ್ಯಾಮ್‌ನಲ್ಲಿ. 1674ರಲ್ಲಿ ಅದಕ್ಕೂ ನಿಷೇಧ ಬಂತು.

ಗಾಜಿನಮಣಿ

ಹಳೆನಕ್ಷೆ ಅವರು ಹೇಳಿದ್ದೆಲ್ಲ ಸರಿ. ಆದರೆ ಅದರಲ್ಲಿ ಲೇವನ್‌ಹುಕ್‌ಗೆ ಉತ್ತರ ಇಲ್ಲ. ಅವನು ವಲಸೆ ಬಂದವನಲ್ಲ, ಪುಸ್ತಕ ಬರೆದವನೂ ಅಲ್ಲ. ಅವನನ್ನು ಅರ್ಥ ಮಾಡಿಕೊಳ್ಳಬೇಕಾದರೆ ಗಾಜು ಹಿಡಿದು ಕೂರಬೇಕು. ನಾನು ಕೂತಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಅವನ ಮೈಕ್ರೋಸ್ಕೋಪ್ ನಾವು ಶಾಲೆಯಲ್ಲಿ ನೋಡಿದ ಹಾಗಿನದಲ್ಲ. ಕೊಳವೆ ಇಲ್ಲ, ಕನ್ನಡಿ ಇಲ್ಲ, ನಿಲ್ಲಿಸಲು ಕಾಲಿಲ್ಲ. ಎರಡು ಪುಟ್ಟ ಹಿತ್ತಾಳೆ ಅಥವಾ ಬೆಳ್ಳಿ ತಗಡು, ಹೆಬ್ಬೆರಳಿಗಿಂತ ತುಸು ಅಗಲ. ಎರಡರ ನಡುವೆ ಸಾಸಿವೆಕಾಳಿನಷ್ಟು ಒಂದೇ ಒಂದು ಮಸೂರ. ಹಿಂದುಗಡೆ ಒಂದು ಚೂಪಾದ ಮುಳ್ಳು, ಅದನ್ನು ಮೇಲೆ ಕೆಳಗೆ ಹಿಂದೆ ಮುಂದೆ ಸರಿಸಲು ತಿರುಪುಗಳು. ನೋಡಬೇಕಾದ್ದನ್ನು ಮುಳ್ಳಿನ ತುದಿಗೆ ಅಂಟಿಸಬೇಕು. ತಗಡನ್ನು ಕಣ್ಣಿಗೆ ಒತ್ತಿ ಹಿಡಿದು ಬೆಳಕಿನ ಕಡೆ ತಿರುಗಿ ನಿಲ್ಲಬೇಕು. ಅಷ್ಟೇ. ಉಳಿದಿರುವವುಗಳಲ್ಲಿ ಅತಿ ಶಕ್ತಿಯದು ಸುಮಾರು 270 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ.

ಮಸೂರ ಹೇಗೆ ಮಾಡಿದ ಅನ್ನೋದನ್ನು ಸಾಯುವವರೆಗೂ ಬಿಟ್ಟುಕೊಡಲಿಲ್ಲ. 2021ರಲ್ಲಿ ಅವನ ಹಳೇ ಉಪಕರಣಗಳನ್ನು ಬಿಚ್ಚದೆ, ನ್ಯೂಟ್ರಾನ್ ಕಿರಣ ಹಾಯಿಸಿ ಒಳಗೆ ನೋಡಿದರು. ಆ 270 ಪಟ್ಟಿನದರಲ್ಲಿ ಇದ್ದದ್ದು ಉಜ್ಜಿ ಮಾಡಿದ ಮಸೂರವಲ್ಲ, ಬೆಂಕಿಯಲ್ಲಿ ಕರಗಿಸಿದ ಗಾಜಿನ ಗುಂಡು. ಅದನ್ನು ಓದಿದ ಮೇಲೆ ನಾನೂ ಮಾಡಿ ನೋಡಿದೆ. ತೆಳ್ಳನೆಯ ಗಾಜಿನ ಕಡ್ಡಿಯನ್ನು ಉರಿಗೆ ಹಿಡಿದು ಎರಡೂ ಕಡೆ ಎಳೆದರೆ ಕೂದಲಿನಂಥ ಎಳೆ ಬರುತ್ತದೆ. ಆ ಎಳೆಯ ತುದಿಯನ್ನು ಮತ್ತೆ ಉರಿಗೆ ತಂದರೆ ಗಾಜು ತಾನಾಗಿ ಗುಂಡಗೆ ಮುದುಡಿಕೊಳ್ಳುತ್ತದೆ. ಮಂಜಿನ ಹನಿ ಎಲೆಯ ತುದಿಯಲ್ಲಿ ಕೂರುತ್ತದಲ್ಲ, ಹಾಗೆ. ಒಂದು ಕ್ಷಣ ಜಾಸ್ತಿ ಹಿಡಿದರೆ ಗುಂಡು ದೊಡ್ಡದಾಗಿ ಜೋತುಬೀಳುತ್ತದೆ, ಒಳಗೆ ಗುಳ್ಳೆ ಬಂದರೆ ಅದೂ ಹೋಯಿತು. ನನಗೆ ನಲವತ್ತಕ್ಕೂ ಹೆಚ್ಚು ಕೆಟ್ಟ ಮೇಲೆ ಎರಡು ಸರಿಯಾಗಿ ಬಂದವು. ಲೇವನ್‌ಹುಕ್ ಸತ್ತಾಗ ಅವನ ಮನೆಯಲ್ಲಿ ನೂರಾರು ಮಸೂರಗಳಿದ್ದವು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಈ ಕೈ ಅವನೊಬ್ಬನದೇ ಅಲ್ಲ. ಆ ದೇಶದಲ್ಲಿ ಗಾಜು ಬಲ್ಲವರು ಬೀದಿ ಬೀದಿಯಲ್ಲಿ ಇದ್ದರು. ಬಟ್ಟೆ ವ್ಯಾಪಾರಿಗಳು ನೂಲಿನ ಎಳೆ ಎಣಿಸಲು ಭೂತಗನ್ನಡಿ ಬಳಸುತ್ತಿದ್ದರು. ಮಿಡಲ್‌ಬರ್ಗ್‌ನ ಕನ್ನಡಕ ತಯಾರಕ ಹಾನ್ಸ್ ಲಿಪ್ಪರ್‌ಹೇ 1608ರ ಅಕ್ಟೋಬರ್‌ನಲ್ಲಿ ದೂರದ್ದನ್ನು ಹತ್ತಿರ ತೋರಿಸುವ ಉಪಕರಣಕ್ಕೆ ಪೇಟೆಂಟ್ ಕೊಡಿ ಅಂತ ಹೇಗ್‌ನಲ್ಲಿ ಅರ್ಜಿ ಹಾಕಿದ. ಕೆಲವೇ ವಾರದಲ್ಲಿ ಆಲ್ಕ್‌ಮಾರ್‌ನ ಇನ್ನೊಬ್ಬ ಅದೇ ಉಪಕರಣ ತನ್ನದೂ ಅಂತ ಬಂದ. ಕೊನೆಗೆ ಸರ್ಕಾರ ಹೇಳಿದ್ದೇನು ಗೊತ್ತಾ? ಇದು ಆಗಲೇ ಬಹಳ ಜನಕ್ಕೆ ಗೊತ್ತಿರುವ ವಿದ್ಯೆ, ಪೇಟೆಂಟ್ ಕೊಡಲಾಗದು, ಆದರೆ ಎರಡೂ ಕಣ್ಣಿಗೆ ಹಿಡಿಯುವ ಹಾಗೆ ಮಾಡಿಕೊಡು ಅಂತ. ಅದಕ್ಕೆ ಒಟ್ಟು 900 ಗಿಲ್ಡರ್ ಕೊಟ್ಟರು. ದೂರದರ್ಶಕದ ಮೊದಲ ಸುದ್ದಿ ಹೊರಟದ್ದು ಕನ್ನಡಕದ ಅಂಗಡಿಯಿಂದ. ಅದನ್ನು ಕೇಳಿ ಗೆಲಿಲಿಯೋ 1609ರಲ್ಲಿ ತನ್ನದನ್ನು ಮಾಡಿಕೊಂಡ.

ಶ್ರೀಮಂತರ ಮನೆ ಹುಡುಗರೂ ಈ ಕೆಲಸಕ್ಕೆ ಕೈ ಹಾಕಿದರು ಅನ್ನೋದು ನನಗೆ ಎಲ್ಲಕ್ಕಿಂತ ದೊಡ್ಡ ವಿಷಯ. ಹೈಗನ್ಸ್‌ನ ಅಪ್ಪ ಕವಿ, ಗಣರಾಜ್ಯದ ಸೇನೆಯ ಹೊಣೆ ಹೊತ್ತ ಆರೆಂಜ್ ಮನೆತನದ ರಾಜಕುಮಾರರ ಕಾರ್ಯದರ್ಶಿ. ಮನೆಗೆ ದೆಕಾರ್ತ್ ಬಂದು ಹೋಗುತ್ತಿದ್ದ. ಅಂಥ ಮನೆಯ ಇಬ್ಬರು ಅಣ್ಣತಮ್ಮಂದಿರು ತಾವೇ ಮಸೂರ ಉಜ್ಜಿದರು. ಆ ಮಸೂರದಲ್ಲೇ 1655ರ ಮಾರ್ಚ್‌ನಲ್ಲಿ ಶನಿಯ ಚಂದ್ರ ಟೈಟನ್ ಕಂಡಿತು. ಮರುವರ್ಷ ಲೋಲಕದ ಗಡಿಯಾರ. ದಿನಕ್ಕೆ ಹದಿನೈದು ನಿಮಿಷ ಆಚೀಚೆ ಆಗುತ್ತಿದ್ದ ಗಡಿಯಾರಗಳ ತಪ್ಪು ಹದಿನೈದು ಸೆಕೆಂಡಿನ ಸುಮಾರಿಗೆ ಇಳಿಯಿತು. ಅದನ್ನು ಲೋಹದಲ್ಲಿ ಮಾಡಿಕೊಟ್ಟವನು ಹೇಗ್‌ನ ಗಡಿಯಾರದ ಕುಶಲಕರ್ಮಿ ಸಾಲೊಮನ್ ಕೋಸ್ಟರ್. ಮುಂದೆ ಹೈಗನ್ಸ್ ಕುಟುಂಬದ ತೋಟದ ಮನೆ ಇದ್ದ ಫೋರ್‌ಬರ್ಗ್‌ನಲ್ಲೇ ಸ್ಪಿನೋಜಾ ಬಾಡಿಗೆಗೆ ಇದ್ದ, ಮಸೂರ ಉಜ್ಜಿ ಬದುಕುತ್ತ. ಅವನ ಮಸೂರಗಳ ಹೊಳಪಿನ ಬಗ್ಗೆ ಹೈಗನ್ಸ್ ಅಣ್ಣನಿಗೆ ಕಾಗದ ಬರೆದಿದ್ದಾನೆ. ಕೈಕೆಲಸ ಕೀಳು ಅಂದುಕೊಂಡಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ.

ಪದಬೇಟೆ

ಬೆಳಕಿಂಡಿಯವರೇ, ನಿಮ್ಮ ಪ್ರಶ್ನೆಯ ತಲೆಬರಹದಲ್ಲೇ ಉತ್ತರ ಇದೆ. ಲ್ಯಾಟಿನ್ ಬರುತ್ತಿರಲಿಲ್ಲ ಅಂದಿರಿ. ಬರಬೇಕಾದ ಅಗತ್ಯವನ್ನೇ ತೆಗೆದುಹಾಕಲು ಅವನಿಗಿಂತ ಎಷ್ಟೋ ವರ್ಷ ಮೊದಲೇ ಒಬ್ಬ ಬೆವರು ಸುರಿಸಿದ್ದ. ಸಿಮೊನ್ ಸ್ಟೆವಿನ್, ಹುಟ್ಟಿದ್ದು 1548ರಲ್ಲಿ.

1585ರಲ್ಲಿ ಅವನು ಲೈಡನ್‌ನಲ್ಲಿ ಒಂದು ಪುಟ್ಟ ಹೊತ್ತಿಗೆ ತಂದ. ಹೆಸರು ‘ದೆ ತೀಂದೆ’, ಅಂದರೆ ‘ಹತ್ತನೆಯದು’. ದಶಮಾಂಶ ಭಿನ್ನರಾಶಿಯಲ್ಲಿ ಕೂಡಿಸೋದು, ಕಳೆಯೋದು, ಗುಣಿಸೋದು, ಭಾಗಿಸೋದು ಹೇಗೆ ಅನ್ನೋದಷ್ಟೇ ಅದರಲ್ಲಿ. ಡಚ್ ಭಾಷೆಯಲ್ಲಿ. ಯಾರಿಗೆ ಅಂತ ಬರೆದ ಅನ್ನೋದನ್ನು ಮೊದಲಲ್ಲೇ ಹೇಳುತ್ತಾನೆ. ನಕ್ಷತ್ರ ನೋಡುವವರಿಗೆ, ಭೂಮಿ ಅಳೆಯುವವರಿಗೆ, ಜಮಖಾನ ಅಳೆಯುವವರಿಗೆ, ದ್ರಾಕ್ಷಾರಸದ ಪೀಪಾಯಿ ಅಳೆಯುವವರಿಗೆ, ಟಂಕಸಾಲೆಯವರಿಗೆ, ಎಲ್ಲ ವರ್ತಕರಿಗೆ. ಪಂಡಿತರ ಹೆಸರಿಲ್ಲ ನೋಡಿ.

ಈಗ ಲೇವನ್‌ಹುಕ್‌ನ ಬದುಕಿನ ಪಟ್ಟಿ ತೆಗೆಯಿರಿ. 1669ರಲ್ಲಿ ಭೂಮಾಪಕನ ಪರೀಕ್ಷೆ ಪಾಸಾದ. 1679ರಲ್ಲಿ ಡೆಲ್ಫ್ಟ್ ಊರಿನ ದ್ರಾಕ್ಷಾರಸದ ಪೀಪಾಯಿ ಅಳೆಯುವ ಅಧಿಕಾರಿಯಾದ. ಸ್ಟೆವಿನ್ ಯಾರಿಗೆಂದು ಬರೆದನೋ ಆ ಪಟ್ಟಿಯೊಳಗಿನ ಮನುಷ್ಯನೇ ಇವನು! ಕಣ್ಣಿಗೆ ಕಾಣದ ಜೀವಿಯ ಗಾತ್ರವನ್ನು ಮರಳಿನ ಕಣದ ಜೊತೆ ಹೋಲಿಸಿ, ಇಂತಿಷ್ಟು ಸೇರಿದರೆ ಒಂದು ಕಣ ಆಗುತ್ತದೆ ಅಂತ ಲೆಕ್ಕ ಹಾಕಿ ಹೇಳುವ ಅಭ್ಯಾಸ ಅವನಿಗೆ ಪೀಪಾಯಿ ಅಳೆಯುವವರ ಲೋಕದಿಂದಲೇ ಬಂದದ್ದು ಅಂತ ನನ್ನ ನಂಬಿಕೆ.

ಸ್ಟೆವಿನ್‌ಗೆ ತನ್ನ ಭಾಷೆಯ ಮೇಲೆ ಎಷ್ಟು ಪ್ರೀತಿ ಅಂದರೆ, ಚಿಕ್ಕ ಚಿಕ್ಕ ಪದಗಳನ್ನು ಜೋಡಿಸಿ ಹೊಸ ಪದ ಕಟ್ಟಲು ಡಚ್‌ನಷ್ಟು ಒಳ್ಳೆ ಭಾಷೆ ಇನ್ನೊಂದಿಲ್ಲ ಅಂತ 1586ರಲ್ಲಿ ವಾದ ಮಂಡಿಸಿ, ಒಂದೇ ಉಸಿರಿನ ಪದಗಳ ಪಟ್ಟಿಯನ್ನೇ ಕೊಟ್ಟ. ಗಣಿತಕ್ಕೆ ಅವನು ಕಟ್ಟಿದ ಪದ ಇಂದು ‘ವಿಸ್‌ಕುಂದೆ’ ಆಗಿ ಉಳಿದಿದೆ. ‘ವಿಸ್’ ಅಂದರೆ ಖಚಿತ. ಖಚಿತವಾದ್ದನ್ನು ತಿಳಿಯುವ ವಿದ್ಯೆ. ಸುತ್ತಲಿನ ದೇಶಗಳೆಲ್ಲ ಗ್ರೀಕ್ ಪದವನ್ನೇ ತಮ್ಮ ಉಚ್ಚಾರಕ್ಕೆ ಬಗ್ಗಿಸಿಕೊಂಡಿವೆ. ಡಚ್ ಮಗು ಮಾತ್ರ ಇವತ್ತಿಗೂ ಸ್ಟೆವಿನ್‌ನ ಪದದಲ್ಲಿ ಲೆಕ್ಕ ಕಲಿಯುತ್ತದೆ. ಸಮಾನಾಂತರ ಗೆರೆಗೆ ಅವರು ಬಳಸುವ ಪದವೂ ಅವನದೇ. ‘ಸಮ ದೂರದ್ದು’ ಅಂತ ಅದರ ನೇರ ಅರ್ಥ. ಪದ ಕೇಳಿದರೆ ಸಾಕು, ಚಿತ್ರ ಕಣ್ಣಮುಂದೆ ಬರುತ್ತದೆ. 1600ರಲ್ಲಿ ಲೈಡನ್ ವಿಶ್ವವಿದ್ಯಾಲಯದ ಜೊತೆಗೇ ಎಂಜಿನಿಯರುಗಳಿಗೆ, ಭೂಮಾಪಕರಿಗೆ ಒಂದು ಶಾಲೆ ತೆರೆದರು. ಪಾಠಕ್ರಮ ಸ್ಟೆವಿನ್‌ನದು, ಪಾಠ ಡಚ್‌ನಲ್ಲಿ. ಕಾರಣ ನೇರ: ಕೋಟೆ ಕಟ್ಟುವವನು, ಕಾಲುವೆ ತೋಡುವವನು ಕೆಲಸದ ಜಾಗದಲ್ಲಿ ಲ್ಯಾಟಿನ್ ಮಾತಾಡುವುದಿಲ್ಲ.

ಭಾಷೆಗೆ ಎಷ್ಟು ಶಕ್ತಿ ಇತ್ತು ಅನ್ನೋದಕ್ಕೆ ನೋವಿನ ಸಾಕ್ಷಿ ಒಂದಿದೆ. ಆಡ್ರಿಯಾನ್ ಕೂರ್‌ಬಾಖ್ ಅಂತ ಸ್ಪಿನೋಜಾನ ಗೆಳೆಯ, ವೈದ್ಯ, ವಕೀಲ. ಧರ್ಮದ ಬಗ್ಗೆ, ಕಾನೂನಿನ ಕಷ್ಟದ ಪದಗಳ ಬಗ್ಗೆ ಎಲ್ಲರಿಗೂ ಅರ್ಥವಾಗುವ ಡಚ್‌ನಲ್ಲಿ ನಿಘಂಟು ಬರೆದ. 1668ರಲ್ಲಿ ಹತ್ತು ವರ್ಷ ಸೆರೆ. ಮರುವರ್ಷ ಸೆರೆಯಲ್ಲೇ ತೀರಿಕೊಂಡ. ಸ್ಪಿನೋಜಾ ಬರೆದದ್ದು ಲ್ಯಾಟಿನ್‌ನಲ್ಲಿ. ತನ್ನ ಪುಸ್ತಕ ಡಚ್‌ಗೆ ಬರುತ್ತಿದೆ ಅಂತ ಸುದ್ದಿ ಸಿಕ್ಕಾಗ 1671ರಲ್ಲಿ ಅದನ್ನು ದಯವಿಟ್ಟು ನಿಲ್ಲಿಸಿ ಅಂತ ಗೆಳೆಯನಿಗೆ ಬರೆದ. ಲ್ಯಾಟಿನ್‌ನಲ್ಲಿ ಇರುವವರೆಗೆ ಅದು ಪಂಡಿತರ ಜಗಳ. ಜನರ ಮಾತಿಗೆ ಇಳಿದರೆ ಆಳುವವರಿಗೆ ಭಯ.

ಬೆಳಕಿಂಡಿ

ಪದಬೇಟೆ ಅವರೇ, ಭೂಮಾಪಕ, ಪೀಪಾಯಿ ಅಳೆಯುವವನು ಅನ್ನೋ ಕೊಂಡಿ ನೋಡಿ ಮೈ ಜುಮ್ಮೆಂದಿತು. ಎರಡನ್ನೂ ಬೇರೆ ಬೇರೆ ಓದಿದ್ದೆ, ಜೋಡಿಸಿರಲಿಲ್ಲ.

ಆದರೆ ಲೇವನ್‌ಹುಕ್ ಕಾಗದ ಬರೆದದ್ದು ಲಂಡನ್‌ನ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘಕ್ಕೆ. ಅವರು ಡಚ್ ಕಾಗದವನ್ನು ಯಾಕೆ ಓದಿದರು? ಇನ್ನೊಂದು, ಚಿತ್ರಕಾರರ ಬಗ್ಗೆ ಯಾರೂ ಹೇಳಲಿಲ್ಲ. ಅವರದ್ದೂ ಇದೇ ಕತೆಯಾ?

ಗಾಜಿನಮಣಿ

ಕಾಗದದ ವಿಷಯ ನಾನು ಹೇಳುತ್ತೇನೆ. 1673ರಲ್ಲಿ ಡೆಲ್ಫ್ಟ್‌ನ ವೈದ್ಯ ರೆನಿಯರ್ ದೆ ಗ್ರಾಫ್ ರಾಯಲ್ ಸೊಸೈಟಿಗೆ ಬರೆದ, ನಮ್ಮೂರಲ್ಲಿ ಒಬ್ಬ ಇದ್ದಾನೆ, ಅವನ ಮೈಕ್ರೋಸ್ಕೋಪು ಇದುವರೆಗಿನದಕ್ಕಿಂತ ಎಷ್ಟೋ ಉತ್ತಮ ಅಂತ. ದೆ ಗ್ರಾಫ್ ಆಗ ಮೂವತ್ತೊಂದರ ಯುವಕ, ಅದೇ ವರ್ಷ ತೀರಿಕೊಂಡ. ಸೊಸೈಟಿಯ ಕಾರ್ಯದರ್ಶಿ ಓಲ್ಡೆನ್‌ಬರ್ಗ್ ಡಚ್ ಬಲ್ಲವನು, ಅನುವಾದಿಸಿ ಮುದ್ರಿಸಿದ. ಹೈಗನ್ಸ್‌ನ ಅಪ್ಪ ಕೂಡ, ಓದು ಬರಹದ ಭಾಷೆ ಬಾರದಿದ್ದರೂ ತುಂಬ ಕುತೂಹಲದ, ಶ್ರಮದ ಮನುಷ್ಯ ಅಂತ ಪರಿಚಯಪತ್ರ ಕೊಟ್ಟ.

1674ರಲ್ಲಿ ಲೇವನ್‌ಹುಕ್ ಡೆಲ್ಫ್ಟ್‌ನಿಂದ ಎರಡು ಗಂಟೆ ದಾರಿಯ ಒಂದು ಕೆರೆಯ ನೀರು ತಂದ. ಚಳಿಗಾಲದಲ್ಲಿ ತಿಳಿ, ಬೇಸಿಗೆಯಲ್ಲಿ ಹಸಿರು. ಇಬ್ಬನಿ ಬಿದ್ದು ಹಾಗಾಗುತ್ತದೆ ಅಂತ ಹಳ್ಳಿಯವರು ಹೇಳುತ್ತಿದ್ದರು. ಇವನು ಒಂದು ಗಾಜಿನ ಕುಪ್ಪಿಯಲ್ಲಿ ತಂದು ಮರುದಿನ ನೋಡಿದ. ಸುರುಳಿ ಸುತ್ತಿದ ಹಸಿರು ಎಳೆಗಳು, ನಡುವೆ ಪುಟಾಣಿ ಜೀವಿಗಳ ಓಡಾಟ. 1676ರಲ್ಲಿ ಮೆಣಸು ನೆನೆಸಿಟ್ಟ ನೀರಿನಲ್ಲಿ ಇನ್ನೂ ಚಿಕ್ಕವು ಕಂಡವು. ಮೆಣಸು ಯಾಕೆ ಖಾರ ಅಂತ ನೋಡಲು ಹೊರಟಿದ್ದ, ಪಾಪ. ಲಂಡನ್‌ನವರು ನಂಬಲಿಲ್ಲ. ಆಗ ಅವನು ಪಾದ್ರಿಗಳು, ನೋಟರಿ ಸೇರಿ ಎಂಟು ಜನರನ್ನು ಕರೆದು ತೋರಿಸಿ ಅವರಿಂದ ಸಾಕ್ಷಿಪತ್ರ ಬರೆಸಿ ಕಳಿಸಿದ. 1677ರಲ್ಲಿ ಸೊಸೈಟಿಯ ರಾಬರ್ಟ್ ಹುಕ್ ತಾನೇ ಮಾಡಿ ನೋಡಿ ನಿಜ ಅಂದ. 1680ರಲ್ಲಿ ಸೊಸೈಟಿ ಅವನನ್ನು ಸದಸ್ಯನಾಗಿ ಆರಿಸಿತು. ಸುಮಾರು ಐವತ್ತು ವರ್ಷ ಕಾಗದ ಬರೆದ, ಎಲ್ಲವೂ ಡಚ್‌ನಲ್ಲೇ.

ಬಣ್ಣದಪೆಟ್ಟಿಗೆ

ಚಿತ್ರಕಾರರ ಮಾತು ಬಂತು, ಈಗ ನನ್ನ ಸರದಿ.

ಬೇರೆ ಕಡೆ ಚಿತ್ರ ಬರೆಸುತ್ತಿದ್ದವರು ಚರ್ಚು, ರಾಜ, ದೊಡ್ಡ ಮನೆತನಗಳು. ಇಲ್ಲಿ ಕ್ಯಾಲ್ವಿನ್ ಮತದ ಚರ್ಚಿನ ಗೋಡೆಗಳು ಬರಿದು. ರಾಜನಿಲ್ಲ. ಹಾಗಾದರೆ ಕೊಂಡವರು ಯಾರು? ನೆರೆಹೊರೆಯವರು. 1640ರಲ್ಲಿ ಆಮ್ಸ್ಟರ್‌ಡ್ಯಾಮ್‌ಗೆ ಬಂದ ಪೀಟರ್ ಮಂಡಿ ಅನ್ನುವ ಇಂಗ್ಲಿಷ್ ಪ್ರವಾಸಿ ಬೆರಗಾಗಿ ಬರೆದಿದ್ದಾನೆ. ಕಟುಕರ ಅಂಗಡಿ, ಬೇಕರಿಯಲ್ಲಿ ಒಳ್ಳೊಳ್ಳೆ ಚಿತ್ರ, ಕಮ್ಮಾರ, ಚಮ್ಮಾರರ ಅಂಗಡಿಯಲ್ಲೂ ಒಂದಾದರೂ ಚಿತ್ರ ತೂಗುತ್ತಿತ್ತು ಅಂತ. ಕೊಳ್ಳುವವರು ಬದಲಾದರೆ ಚಿತ್ರದೊಳಗಿನ ಲೋಕವೂ ಬದಲಾಗುತ್ತದೆ. ದೇವತೆಗಳು, ಸೇನಾಪತಿಗಳು ಹಿಂದೆ ಸರಿದು ಹಾಲು ಸುರಿಯುವ ಹೆಂಗಸು, ಅಂಗಳ ಗುಡಿಸುವವಳು, ಅರ್ಧ ಸಿಪ್ಪೆ ಸುಲಿದ ನಿಂಬೆಹಣ್ಣು ಮುಂದೆ ಬಂದವು.

ಒಂದು ಮನೆಯ ಕತೆ ಹೇಳುತ್ತೇನೆ. 1663ರಲ್ಲಿ ಮೊಂಕೊನಿ ಅನ್ನುವ ಫ್ರೆಂಚ್ ಪ್ರವಾಸಿ ಡೆಲ್ಫ್ಟ್‌ನಲ್ಲಿ ವರ್ಮೀರ್ ಮನೆಗೆ ಹೋದ. ತೋರಿಸಲು ಅವನ ಹತ್ತಿರ ಒಂದೂ ಚಿತ್ರ ಇರಲಿಲ್ಲ. ಕೊನೆಗೆ ಒಂದು ಚಿತ್ರ ನೋಡಲು ಸಿಕ್ಕಿದ್ದು ಬ್ರೆಡ್ ಮಾಡುವವನ ಮನೆಯಲ್ಲಿ! 1672ರ ಯುದ್ಧದಲ್ಲಿ ಚಿತ್ರದ ವ್ಯಾಪಾರ ನೆಲಕಚ್ಚಿತು. 1675ರ ಡಿಸೆಂಬರ್‌ನಲ್ಲಿ ವರ್ಮೀರ್ ಸತ್ತಾಗ 11 ಮಕ್ಕಳು, ಮೈತುಂಬ ಸಾಲ. ಬ್ರೆಡ್ಡಿನ ಬಾಕಿಯೇ 617 ಗಿಲ್ಡರ್. ಅವನ ಹೆಂಡತಿ ಕ್ಯಾಥರಿನಾ ಎರಡು ಚಿತ್ರ ಕೊಟ್ಟು ಆ ಬಾಕಿಗೆ ಹೊಂದಿಸಿದಳು, ಮುಂದೆ ಬಿಡಿಸಿಕೊಳ್ಳುವ ಷರತ್ತು ಹಾಕಿ. ಗಂಡನ ಕೈಯ ಎರಡು ಚಿತ್ರಗಳನ್ನು ಎತ್ತಿಕೊಟ್ಟ ಆ ಗಳಿಗೆಯನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಮತ್ತೆ, ಆ ದಿವಾಳಿ ಆಸ್ತಿಯ ಮೇಲ್ವಿಚಾರಣೆಗೆ 1676ರಲ್ಲಿ ಊರಿನವರು ನೇಮಿಸಿದ್ದು ಯಾರನ್ನು ಗೊತ್ತಾ? ಲೇವನ್‌ಹುಕ್‌ನನ್ನು. ಇಬ್ಬರೂ 1632ರಲ್ಲಿ ಕೆಲವೇ ದಿನಗಳ ಅಂತರದಲ್ಲಿ ಅದೇ ಊರಿನಲ್ಲಿ ದೀಕ್ಷಾಸ್ನಾನ ಪಡೆದ ಕೂಸುಗಳು. ಗೆಳೆಯರಾಗಿದ್ದರು ಅಂತ ಹೇಳಲು ಕಾಗದಪತ್ರ ಇಲ್ಲ, ಹಾಗಾಗಿ ನಾನು ಹೇಳುವುದಿಲ್ಲ. ಆದರೆ ಕಿಟಕಿಯ ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಇಬ್ಬರದೂ.

ಉಪ್ಪುನೀರು

ಎಲ್ಲ ಓದಿದೆ. ಖುಷಿಯೂ ಆಯ್ತು, ಕಸಿವಿಸಿಯೂ ಆಯ್ತು. ಬೆಳಕಿಂಡಿಯವರು ದುಡ್ಡನ್ನು ಪಕ್ಕಕ್ಕಿಡಿ ಅಂದರು. ಹಾಗೆ ಇಡಬಾರದು ಅಂತ ನನ್ನ ವಾದ.

ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1602ರಲ್ಲಿ. ಜಾಯಿಕಾಯಿ ಆಗ ಬೆಳೆಯುತ್ತಿದ್ದದ್ದು ಇಂದಿನ ಇಂಡೋನೇಷ್ಯಾದ ಬಾಂಡಾ ಎಂಬ ಪುಟ್ಟ ದ್ವೀಪಗಳಲ್ಲಿ ಮಾತ್ರ. 1621ರಲ್ಲಿ ಕಂಪನಿಯ ಯಾನ್ ಪೀಟರ್ಸ್‌ಜೂನ್ ಕೂನ್ ಅಲ್ಲಿಗೆ ಹಡಗು ತಂದ. ಸುಮಾರು 15,000 ಜನರಿದ್ದರು ಅಂತ ಅಂದಾಜು. ಕೊಂದರು, ಹಸಿವಿನಿಂದ ಸಾಯಿಸಿದರು, ಉಳಿದವರನ್ನು ಗುಲಾಮರಾಗಿ ಸಾಗಿಸಿದರು. ಕೊನೆಗೆ ಆ ದ್ವೀಪಗಳಲ್ಲಿ ಉಳಿದ ಮೂಲನಿವಾಸಿಗಳು ಬೆರಳೆಣಿಕೆಯ ನೂರುಗಳಲ್ಲಿ. ವೆಸ್ಟ್ ಇಂಡಿಯಾ ಕಂಪನಿ 1637ರಲ್ಲಿ ಆಫ್ರಿಕದ ಎಲ್ಮಿನಾ ಕೋಟೆ ಹಿಡಿದು ಗುಲಾಮರ ವ್ಯಾಪಾರಕ್ಕೆ ಇಳಿಯಿತು. ಬೇಕರಿಯವನ ಗೋಡೆಯ ಚಿತ್ರ ಚೆನ್ನಾಗಿದೆ. ಆ ಊರಿಗೆ ಬಂದ ದುಡ್ಡಿನಲ್ಲಿ ಈ ರಕ್ತವೂ ಇತ್ತು. ಆಮ್ಸ್ಟರ್‌ಡ್ಯಾಮ್ ಮ್ಯೂಸಿಯಂ 2019ರಲ್ಲಿ ‘ಸುವರ್ಣಯುಗ’ ಅನ್ನೋ ಪದವನ್ನೇ ಕೈಬಿಡುತ್ತೇವೆ ಅಂತ ಹೇಳಿದ್ದು ಇದಕ್ಕೇ.

ವಿಜ್ಞಾನ ಬೇರೆ, ಇದು ಬೇರೆ ಅನ್ನಬೇಡಿ. ಮರಿಯಾ ಸಿಬಿಲಾ ಮೆರಿಯಾನ್ 52ನೇ ವಯಸ್ಸಿನಲ್ಲಿ, 1699ರಲ್ಲಿ, ಮಗಳ ಜೊತೆ ಆಮ್ಸ್ಟರ್‌ಡ್ಯಾಮ್‌ನಿಂದ ದಕ್ಷಿಣ ಅಮೆರಿಕದ ಡಚ್ ವಸಾಹತು ಸುರಿನಾಮ್‌ಗೆ ಹೋದಳು. ಕಂಬಳಿಹುಳು ಚಿಟ್ಟೆಯಾಗುವುದನ್ನು ಅದು ತಿನ್ನುವ ಗಿಡದ ಸಮೇತ ಬರೆದಳು. 1705ರ ಅವಳ ಪುಸ್ತಕದಲ್ಲಿ ಒಂದು ಹೂವಿನ ಚಿತ್ರದ ಪಕ್ಕ ಏನಿದೆ ಗೊತ್ತಾ? ತಮ್ಮ ಮಕ್ಕಳು ಗುಲಾಮರಾಗಿ ಹುಟ್ಟಬಾರದು ಅಂತ ಅಲ್ಲಿನ ಗುಲಾಮ ಹೆಂಗಸರು ಅದರ ಬೀಜದಿಂದ ಬಸಿರು ಇಳಿಸಿಕೊಳ್ಳುತ್ತಾರೆ, ಅವರೇ ನನಗೆ ಹೇಳಿದರು, ಅಂತ ಬರೆದಿದ್ದಾಳೆ. ಒಂದೇ ಹಾಳೆಯ ಮೇಲೆ ಅಷ್ಟು ಚಂದದ ಹೂವು ಮತ್ತು ಆ ಮಾತು. ಆ ಪುಟ ದಾಟಿ ಮುಂದೆ ಹೋಗಲು ನನಗೆ ಆಗಲಿಲ್ಲ.

ಇನ್ನೊಂದು, 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾದ ‘ಹೊರ್ತುಸ್ ಮಲಬಾರಿಕುಸ್’. ಹೆಸರು ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡೆಯದು. ಗಿಡಗಳ ಜ್ಞಾನ ಇಟ್ಟಿ ಅಚ್ಯುತನ್ ಎಂಬ ಮಲಬಾರಿನ ನಾಟಿವೈದ್ಯನದು, ಮೂವರು ಕೊಂಕಣಿ ಪಂಡಿತರದು. ಅವರ ಸಹಿ, ಸಾಕ್ಷಿಪತ್ರ ಮೊದಲ ಸಂಪುಟದಲ್ಲೇ ಅವರದೇ ಲಿಪಿಯಲ್ಲಿ ಇದೆ. ಲೆಕ್ಕ ಕೊಡುವಾಗ ಇವರನ್ನೂ ಸೇರಿಸಿ.

ಹಳೆನಕ್ಷೆ

ಉಪ್ಪುನೀರು ಅವರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ನಾನೇ ಮೊದಲು ಹೇಳಬೇಕಿತ್ತು, ಹೇಳದೆ ಬಿಟ್ಟದ್ದು ತಪ್ಪು.

ಆದರೂ ದುಡ್ಡು ಮತ್ತು ಅರಿವಿನ ನಂಟು ಅಷ್ಟು ನೇರ ಅಲ್ಲ ಅನ್ನೋದಕ್ಕೆ ಒಂದು ವರ್ಷ ಸಾಕ್ಷಿ. 1672. ಫ್ರಾನ್ಸ್, ಇಂಗ್ಲೆಂಡ್, ಜೊತೆಗೆ ಇಬ್ಬರು ಜರ್ಮನ್ ಬಿಷಪ್‌ಗಳು ಒಟ್ಟಿಗೆ ಮೇಲೆ ಬಿದ್ದರು. ಜನಕ್ಕೆ ಬುದ್ಧಿ ಇಲ್ಲ, ಸರ್ಕಾರಕ್ಕೆ ದಿಕ್ಕಿಲ್ಲ, ದೇಶಕ್ಕೆ ಉಳಿವಿಲ್ಲ ಅಂತ ಡಚ್ಚರಲ್ಲಿ ಆ ವರ್ಷದ ಬಗ್ಗೆ ಇವತ್ತಿಗೂ ಮಾತಿದೆ. ಒಡ್ಡು ಒಡೆದು ತಮ್ಮ ಹೊಲಗಳನ್ನೇ ಮುಳುಗಿಸಿ ಫ್ರೆಂಚರನ್ನು ತಡೆದರು. ಆಗಸ್ಟ್ 20ರಂದು ಹೇಗ್‌ನಲ್ಲಿ ಗುಂಪು ಯೊಹಾನ್ ದೆ ವಿಟ್‌ನನ್ನೂ ಅವನ ಅಣ್ಣನನ್ನೂ ಬೀದಿಯಲ್ಲಿ ಕೊಂದು ಹಾಕಿತು. ಸುಮಾರು 20 ವರ್ಷ ದೇಶ ನಡೆಸಿದ್ದ ಈ ಮನುಷ್ಯ ಗಣಿತಜ್ಞ. ಹಿಂದಿನ ವರ್ಷವಷ್ಟೇ, ಬದುಕಿರುವವರೆಗೆ ವರ್ಷಾಸನ ಕೊಡುವ ಬಾಂಡಿಗೆ ಎಷ್ಟು ಬೆಲೆ ಇಡಬೇಕು ಅಂತ ಸಾವಿನ ಸಂಭವ ಹಿಡಿದು ಲೆಕ್ಕ ಹಾಕಿ ಕೊಟ್ಟಿದ್ದ. ಇಂದಿನ ಜೀವವಿಮೆಯ ಲೆಕ್ಕದ ಬೇರು ಅಲ್ಲಿದೆ.

ಈಗ ತಾರೀಖು ನೋಡಿ. ಲೇವನ್‌ಹುಕ್‌ನ ಮೊದಲ ಕಾಗದ 1673. ಕೆರೆಯ ನೀರು 1674. ವರ್ಮೀರ್ ಮನೆಯವರು ಬ್ರೆಡ್ಡಿಗೆ ಚಿತ್ರ ಕೊಟ್ಟ ವರ್ಷವೇ ಮೆಣಸಿನ ನೀರಿನ ಕಾಗದ ಲಂಡನ್‌ಗೆ ಹೋಯಿತು. ದುಡ್ಡು ಬತ್ತಿದಾಗ ಚಿತ್ರದ ಪೇಟೆ ಬಿತ್ತು, ಮಸೂರ ಉಜ್ಜುವ ಕೈ ನಿಲ್ಲಲಿಲ್ಲ. ಚಿತ್ರಕ್ಕೆ ಗಿರಾಕಿ ಬೇಕು. ಒಂದು ಹಿತ್ತಾಳೆ ತಗಡಿಗೆ, ಗಾಜಿನ ಗುಂಡಿಗೆ ಬೇಕಾದ್ದು ಬಿಡುವು ಮತ್ತು ಕಸುಬು. ಬಿಡುವು ಅವನಿಗೆ ಊರಿನ ಚಾಕರಿಯಿಂದ ಸಿಕ್ಕಿತ್ತು, 1660ರಿಂದಲೇ ಸಂಬಳ ಬರುತ್ತಿತ್ತು.

ಬೆಳಕಿಂಡಿ

ಆ ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿರಲೇ ಇಲ್ಲ. ಎಲ್ಲರಿಗೂ ಮನಸಾರೆ ಧನ್ಯವಾದ. ಉಪ್ಪುನೀರು ಅವರೇ, ಮೆರಿಯಾನ್‌ಳ ಆ ಪುಟ ಹುಡುಕಿ ನೋಡಿದೆ. ನೀವು ಹೇಳಿದ ಹಾಗೇ ಇದೆ.

ಗಾಜಿನಮಣಿ ಅವರಿಗೆ ಒಂದೇ ಪ್ರಶ್ನೆ. ಅಕ್ಕನ ಮಗಳಿಗೆ ಹನ್ನೊಂದು ವರ್ಷ. ನೀವು ಬರೆದದ್ದನ್ನು ಓದಿ ಹೇಳಿದಾಗಿನಿಂದ ಗಾಜಿನ ಗುಂಡು ಮಾಡೋಣ ಅಂತ ಬೆನ್ನು ಬಿದ್ದಿದ್ದಾಳೆ. ಮಾಡಬಹುದಾ?

ಗಾಜಿನಮಣಿ

ಖಂಡಿತ. ಉರಿಯ ಕೆಲಸ ನೀವು ಮಾಡಿ, ಕಣ್ಣಿಗೆ ರಕ್ಷಣೆಯ ಕನ್ನಡಕ ಇಬ್ಬರೂ ಹಾಕಿ. ಗುಂಡು ಒಂದೂವರೆ ಮಿಲಿಮೀಟರ್ ಇದ್ದರೆ ಸಾಕು, ಇನ್ನೂರು ಪಟ್ಟಿನ ಹತ್ತಿರ ಬರುತ್ತದೆ. ತೆಳು ತಗಡಿನಲ್ಲಿ ಗುಂಡಿಗಿಂತ ಚಿಕ್ಕ ತೂತು ಮಾಡಿ ಕೂರಿಸಿ. ತಗಡಿನ ತೂತಿನ ಅಂಚು ನಯವಾಗಿ ಉಜ್ಜಿರಲಿ, ಕಣ್ಣಿನ ಹತ್ತಿರ ಬರುವ ವಸ್ತು ಅದು. ನೋಡುವ ವಸ್ತು ಗುಂಡಿಗೆ ಅರ್ಧ ಮಿಲಿಮೀಟರ್‌ಗಿಂತಲೂ ಹತ್ತಿರ ಬರಬೇಕಾಗುತ್ತದೆ, ಅದಕ್ಕೇ ತಿರುಪು ಬೇಕು. ನೇರವಾಗಿ ಸೂರ್ಯನ ಕಡೆ ಮಾತ್ರ ಯಾವತ್ತೂ ಹಿಡಿಯಬೇಡಿ, ಕಿಟಕಿಯ ಬೆಳಕು ಸಾಕು.

ಮೊದಲು ಈರುಳ್ಳಿಯ ತೆಳು ಪೊರೆ ನೋಡಲಿ, ಅದು ಅಲ್ಲಾಡುವುದಿಲ್ಲ. ಆಮೇಲೆ ನಿಂತ ನೀರು. ಮೊದಲ ದಿನ ಅವಳಿಗೆ ತನ್ನ ರೆಪ್ಪೆಯ ಕೂದಲು ಬಿಟ್ಟು ಬೇರೇನೂ ಕಾಣದೆ ಇರಬಹುದು. ನನಗೆ ಮೂರು ದಿನ ಅದೇ ಕಂಡಿತ್ತು. ನಾಲ್ಕನೇ ದಿನ ಸಂಜೆ ಏನೋ ಒಂದು ಗಾಜಿನಂಥದ್ದು ಬೆಳಕನ್ನು ಅಡ್ಡ ಹಾಯ್ದು ಹೋಯಿತು, ಮತ್ತೆ ವಾಪಸ್ ಬಂತು.